ಕೊಟ್ಟದ್ದನ್ನು ಕಾಯುವ ಧರ್ಮ

ದಾನ ಮಾಡುವುದಕ್ಕಿಂತಲೂ ಮಾಡಿದ ದಾನವನ್ನು ಪಾಲಿಸುವುದು ಹಿರಿದೆಂಬ ಮಾತು ಕನ್ನಡ ನಾಡಿನ ಶಿಲಾಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ದಾನಿ ಒಮ್ಮೆ ಕೊಟ್ಟು ಕೃತಾರ್ಥನಾಗುತ್ತಾನೆ. ಅದನ್ನು ಕಾಯಬೇಕಾದವರಾದರೋ ತಲೆಮಾರು ತಲೆಮಾರಿಗೂ ಹೊಸದಾಗಿ ಪರೀಕ್ಷೆಗೆ ಒಳಗಾಗುತ್ತಾರೆ. ಈ ಪರೀಕ್ಷೆ ಎಂಥ ರೂಪದಲ್ಲಿ ಎದುರಾಗುತ್ತದೆ ಎಂಬುದಕ್ಕೆ ಲಂಡನ್ ನಗರದ ವೃದ್ಧಾಶ್ರಯವೊಂದರ ಇತಿಹಾಸ ಉತ್ತಮ ನಿದರ್ಶನವಾಗಿದೆ.

ಇಂಗ್ಲೆಂಡಿನಲ್ಲಿ ‘ಆಮ್ಸ್‌ಹೌಸ್’ ಎಂಬ ಧರ್ಮನಿವಾಸಗಳ ಪರಂಪರೆ ಬಹಳ ಹಳೆಯದು. ಉಳ್ಳವರು ನೆಲವನ್ನೂ ಹಣವನ್ನೂ ಮೀಸಲಿಟ್ಟು ಚಿಕ್ಕ ಚಿಕ್ಕ ಮನೆಗಳ ಸಾಲನ್ನು ಕಟ್ಟಿಸುವರು. ದುಡಿಯುವ ಶಕ್ತಿ ಉಡುಗಿದ ವೃದ್ಧರು ಅಲ್ಲಿ ಕಡೆಯವರೆಗೆ ನೆಲೆಸುವರು. ನಡುವೆ ಒಂದು ಅಂಗಳ, ಪ್ರಾರ್ಥನೆಗೊಂದು ಮಂದಿರ, ಒಬ್ಬೊಬ್ಬರಿಗೂ ತಮ್ಮದೇ ಬಾಗಿಲು, ತಮ್ಮದೇ ಒಲೆ. ಆಶ್ರಿತನಾದರೂ ಮನೆವಂದಿಗನಾಗಿ ಬಾಳುವ ಗೌರವ ಅಲ್ಲಿನವರಿಗಿತ್ತು.

ಲಂಡನ್ನಿನ ಪೂರ್ವಭಾಗದ ಮೈಲ್ ಎಂಡ್ ರಸ್ತೆಯಲ್ಲಿರುವ ಟ್ರಿನಿಟಿ ಧರ್ಮನಿವಾಸ ಇಂತಹುದು. 1514ರಲ್ಲಿ ಎಂಟನೆಯ ಹೆನ್ರಿ ದೊರೆಯಿಂದ ಸನದು ಪಡೆದ ‘ಟ್ರಿನಿಟಿ ಹೌಸ್’ ಎಂಬ ನಾವಿಕರ ಸಂಸ್ಥೆ ಇದನ್ನು 1695ರಲ್ಲಿ ಕಟ್ಟಿಸಿತು. ಹಡಗುಗಳಿಗೆ ದಾರಿ ತೋರುವುದು, ದೀಪಸ್ತಂಭಗಳನ್ನು ನೋಡಿಕೊಳ್ಳುವುದು ಇವುಗಳೊಡನೆ ನಾವಿಕರ ಕಷ್ಟಸುಖಗಳನ್ನು ವಿಚಾರಿಸುವುದೂ ಈ ಸಂಸ್ಥೆಯ ಧರ್ಮವಾಗಿತ್ತು. ನಿವೇಶನವನ್ನು ದಾನವಾಗಿತ್ತವರು ಆ ಸಂಸ್ಥೆಯ ಹಿರಿಯ ಸದಸ್ಯರಾಗಿದ್ದ ಕ್ಯಾಪ್ಟನ್ ಹೆನ್ರಿ ಮಡ್. ಅವರ ವಿಧವಾಪತ್ನಿಯೂ ಈ ಕಾರ್ಯಕ್ಕೆ ನೆರವಿತ್ತರು. ಬಡತನಕ್ಕೆ ಸಿಲುಕಿದ 28 ಮಂದಿ ಹಡಗಿನ ಒಡೆಯರು, ನಾಯಕರು ಅಥವಾ ಅವರ ವಿಧವೆಯರಿಗೆ ಅಲ್ಲಿ ಆಶ್ರಯವೆಂದು ಗೋಡೆಯ ಮೇಲಿನ ಶಾಸನವೇ ಸಾರುತ್ತದೆ. ಎದುರುಬದುರಾಗಿ ಇಟ್ಟಿಗೆಯ ಮನೆಗಳ ಎರಡು ಸಾಲು, ನಡುವೆ ಉದ್ದನೆಯ ಹಸುರಿನಂಗಳ, ಅದರ ತುದಿಯಲ್ಲಿ ಮೆಟ್ಟಿಲು ಹತ್ತಿ ಹೋಗುವ ಪ್ರಾರ್ಥನಾಮಂದಿರ. ರಸ್ತೆಯ ಕಡೆಯ ಗೋಡೆಗಳ ನೆತ್ತಿಯಲ್ಲಿ ಪುಟ್ಟ ಹಡಗುಗಳ ಪ್ರತಿಮೆಗಳು.

ಇನ್ನೂರು ವರ್ಷ ಹೀಗೆ ನಡೆದ ನಿವಾಸಕ್ಕೆ 1895ರಲ್ಲಿ ಕುತ್ತು ಬಂದಿತು. ಬಂದದ್ದು ಶತ್ರುಗಳಿಂದಲ್ಲ, ಅದನ್ನು ಕಾಯಬೇಕಾದವರಿಂದಲೇ. ಕಟ್ಟಡವನ್ನು ಕೆಡವುವ ಯೋಜನೆಯನ್ನು ಟ್ರಿನಿಟಿ ಹೌಸ್ ಮುಂದಿಟ್ಟಿತು. ಇದನ್ನು ಬರಿಯ ದುರಾಸೆಯೆಂದು ತಳ್ಳಿಹಾಕುವುದು ನ್ಯಾಯವಾಗದು. ಹಳೆಯ ಕಟ್ಟಡಗಳ ದುರಸ್ತಿಗೆ ಹಣ ಸುರಿಯುವುದಕ್ಕಿಂತ ವೃದ್ಧರಿಗೆ ನೇರವಾಗಿ ಮಾಸಾಶನ ಕೊಡುವುದು ಮೇಲೆಂಬ ಅಭಿಪ್ರಾಯ ಆ ಕಾಲದ ಧರ್ಮದತ್ತಿಗಳ ವಲಯದಲ್ಲಿ ಬಲವಾಗಿತ್ತು. ಅದೇ ಹಣದಲ್ಲಿ ಹೆಚ್ಚು ಜನರಿಗೆ ನೆರವಾಗುವುದಾದರೆ ತಪ್ಪೇನು ಎಂಬ ಪ್ರಶ್ನೆ ಸುಲಭವಾಗಿ ಬದಿಗೆ ಸರಿಸುವಂಥದಲ್ಲ.

ಇದನ್ನು ಎದುರಿಸಿ ನಿಂತವರು ಸಿ. ಆರ್. ಆಷ್‌ಬಿ ಎಂಬ ತರುಣ ವಾಸ್ತುಶಿಲ್ಪಿ. 1888ರಲ್ಲಿ ಕುಶಲಕರ್ಮಿಗಳ ಸಂಘವೊಂದನ್ನು ಸ್ಥಾಪಿಸಿದ್ದ ಅವರ ಕಾರ್ಯಾಗಾರವೂ ಮೈಲ್ ಎಂಡ್ ರಸ್ತೆಯಲ್ಲೇ ಇತ್ತು. ಅವರ ಮನಸ್ಸಿನಲ್ಲಿ ಹಳೆಯದೊಂದು ನೋವಿತ್ತು. ಸಮೀಪದ ಬ್ರೋಮ್ಲಿಯಲ್ಲಿ ಒಂದನೆಯ ಜೇಮ್ಸ್ ದೊರೆಯ ಕಾಲದ ಪ್ರಾಚೀನ ಸೌಧವೊಂದನ್ನು ಶಾಲೆ ಕಟ್ಟುವ ಸಲುವಾಗಿ 1890ರ ದಶಕದ ಆರಂಭದಲ್ಲಿ ಕೆಡವಲಾಗಿತ್ತು. ವಿಷಯ ಹೊರಬೀಳುವ ವೇಳೆಗೆ ಕಾಲ ಮಿಂಚಿತ್ತು. ಒಂದು ಕೋಣೆಯ ಮರಗೆಲಸ ಮಾತ್ರ ವಸ್ತುಸಂಗ್ರಹಾಲಯವನ್ನು ಸೇರಿತು. ಏನೇನು ಇದೆಯೆಂಬುದೇ ತಿಳಿಯದಿದ್ದರೆ ಉಳಿಸುವುದಾದರೂ ಏನನ್ನು? ಈ ವಿವೇಕದಿಂದ 1894ರಲ್ಲಿ ಆಷ್‌ಬಿ ಲಂಡನ್ನಿನ ಹಳೆಯ ಕಟ್ಟಡಗಳನ್ನು ಪಟ್ಟಿ ಮಾಡುವ ಸಮಿತಿಯನ್ನು ರಚಿಸಿದರು. ಟ್ರಿನಿಟಿಯ ಸುದ್ದಿ ಬಂದಾಗ ಸಮಿತಿ ಎಚ್ಚೆತ್ತಿತ್ತು.

ಅವರು ಬರಿಯ ಕೂಗಾಟಕ್ಕೆ ಇಳಿಯಲಿಲ್ಲ. ಕಟ್ಟಡವನ್ನು ಅಳೆದರು, ಚಿತ್ರಗಳನ್ನು ಬರೆದರು, ಅದರ ಚರಿತ್ರೆಯನ್ನು ಸಂಗ್ರಹಿಸಿದರು. 1877ರಲ್ಲಿ ವಿಲಿಯಂ ಮಾರಿಸ್ ಮೊದಲಾದವರು ಸ್ಥಾಪಿಸಿದ್ದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘವೂ ಇದೇ 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್ ಸಂಸ್ಥೆಯೂ ಜೊತೆಗೂಡಿದವು. ಧರ್ಮದತ್ತಿಗಳ ಮೇಲ್ವಿಚಾರಣೆ ನಡೆಸುವ ಚಾರಿಟಿ ಕಮಿಷನರುಗಳ ಮುಂದೆ ವಿಷಯ ಹೋಯಿತು. ಕೊನೆಗೆ ಕೆಡವುವ ಯೋಜನೆ ಬಿದ್ದುಹೋಯಿತು, ನಿವಾಸ ಉಳಿಯಿತು. 1896ರಲ್ಲಿ ಪ್ರಕಟವಾದ ಆಷ್‌ಬಿಯವರ ಪುಸ್ತಕ ಈ ಕಟ್ಟಡವನ್ನು ರಾಷ್ಟ್ರದ ಇತಿಹಾಸದ ಪ್ರತ್ಯಕ್ಷ ಪಾಠವೆಂದು ಶೀರ್ಷಿಕೆಯಲ್ಲೇ ಕರೆಯಿತು. ‘ಸರ್ವೆ ಆಫ್ ಲಂಡನ್’ ಎಂಬ ಮಹಾಗ್ರಂಥಮಾಲೆಗೆ ಇದೇ ನಾಂದಿ. ಆ ಮಾಲೆಯ ಮುಖ್ಯ ಶ್ರೇಣಿಯಲ್ಲೇ ಈಗ ಐವತ್ತಕ್ಕೂ ಹೆಚ್ಚು ಸಂಪುಟಗಳಿವೆ.

ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಈ ನಿವಾಸಕ್ಕೆ ತೀವ್ರ ಹಾನಿಯಾಯಿತು. 1950ರ ದಶಕದಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಅದನ್ನು ಕೊಂಡು ಜೀರ್ಣೋದ್ಧಾರ ಮಾಡಿಸಿತು. ಇಂದು ಅದು ಅತ್ಯುಚ್ಚ ಶ್ರೇಣಿಯ ಸಂರಕ್ಷಿತ ಕಟ್ಟಡ. ಆದರೆ ಮುದಿ ನಾವಿಕರು ಅಲ್ಲಿಲ್ಲ. ಗೋಡೆ ಉಳಿಯಿತು, ದಾನಿ ಬಯಸಿದ ಬಾಳು ಉಳಿಯಲಿಲ್ಲ. ಗೆಲುವಿನ ಕಥೆಯೊಳಗಿನ ಈ ಕೊರತೆಯನ್ನು ಮರೆಮಾಚಬಾರದು.

ಕಂಟಕ ಯಾವಾಗಲೂ ಒಳಗಿನಿಂದಲೇ ಬರಬೇಕೆಂದೂ ಇಲ್ಲ. ಆರ್ಚ್‌ಬಿಷಪ್ ಜಾನ್ ವಿಟ್‌ಗಿಫ್ಟ್ ಕ್ರಾಯ್ಡನ್ನಿನಲ್ಲಿ ಕಟ್ಟಿಸಿ 1599ರಲ್ಲಿ ಪೂರ್ಣಗೊಂಡ ವೃದ್ಧರ ನಿವಾಸಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ರಸ್ತೆ ಅಗಲಗೊಳಿಸುವ ಯೋಜನೆಯೇ ಕಂಟಕವಾಯಿತು. ಬ್ರಿಟಿಷ್ ಪಾರ್ಲಿಮೆಂಟಿನ ಮೇಲ್ಮನೆ ನಡುವೆ ಬಂದು 1923ರಲ್ಲಿ ಅದನ್ನು ಉಳಿಸಿತು. ಅಲ್ಲಿ ಸಾರ್ವಜನಿಕ ಸೌಕರ್ಯದ ಹೆಸರು, ಮೈಲ್ ಎಂಡಿನಲ್ಲಿ ಮಿತವ್ಯಯದ ಯುಗಧರ್ಮ. ಎರಡೂ ಸಜ್ಜನರನ್ನು ಒಪ್ಪಿಸಬಲ್ಲ ಕಾರಣಗಳೇ ಆಗಿದ್ದವು.

ಧರ್ಮದ ಆಸ್ತಿಯನ್ನು ನಿರ್ವಹಿಸುವವರು ಗಮನಿಸಬೇಕಾದದ್ದು ಇದನ್ನೇ. ದತ್ತಿಗಳು ಕಳ್ಳರಿಂದಷ್ಟೇ ಅಳಿಯುವುದಿಲ್ಲ. ಪ್ರಾಮಾಣಿಕರ ಲೆಕ್ಕಾಚಾರದಿಂದಲೂ ಅಳಿಯುತ್ತವೆ. ಮಾಸಾಶನದಿಂದ ಊಟ ಸಿಕ್ಕೀತು. ಸಂಜೆ ಅಂಗಳದಲ್ಲಿ ಕೂತು ಕಡಲ ಕಥೆ ಹೇಳಲು ಜೊತೆಗಾರ ಸಿಕ್ಕಾನೆಂಬ ಭರವಸೆಯಿಲ್ಲ. ಆದ್ದರಿಂದ ಹಳೆಯದೊಂದು ಆಶ್ರಯವನ್ನು ಮುಚ್ಚುವ ಠರಾವಿಗೆ ಸಹಿ ಹಾಕುವ ಮುನ್ನ ಮೂರು ಕೆಲಸ ನಡೆಯಬೇಕು: ಇರುವುದನ್ನು ಅಳೆದು ದಾಖಲಿಸುವುದು, ದಾನಿಯ ಉದ್ದೇಶವನ್ನು ಮರಳಿ ಓದುವುದು, ಅಲ್ಲಿ ನೆಲೆಸಿರುವ ವೃದ್ಧರ ಮಾತನ್ನು ಕೇಳುವುದು. ಈ ಮೂರೂ ಆದ ಬಳಿಕ ಠರಾವಿನ ಅಕ್ಷರಗಳು ಬದಲಾಗಲೂಬಹುದು.