ಪ್ರಣಾಳಿಕೆಯ ಲೆಕ್ಕ ಹಾಕುವವರು ಯಾರು?

ಚುನಾವಣೆ ಬಂತೆಂದರೆ ಟಿವಿ ಸ್ಟುಡಿಯೊಗಳಲ್ಲಿ ‘ಬಿಟ್ಟಿ ಭಾಗ್ಯ’ದ ಜಗಳ ಶುರು. ಕೊಡುವುದು ಸರಿಯೋ ತಪ್ಪೋ ಎಂಬಲ್ಲಿಗೆ ವಾದ ಮುಗಿಯುತ್ತದೆ. ಎಷ್ಟು ಖರ್ಚು, ದುಡ್ಡು ಎಲ್ಲಿಂದ ಎಂದು ಕೇಳುವವರಿಲ್ಲ. ಪ್ರಣಾಳಿಕೆಗಳ ವೆಚ್ಚ ಅಳೆಯುವ ವಿದ್ಯೆಯೊಂದು ನಾಲ್ಕು ದಶಕಗಳಿಂದ ಬೆಳೆದುಬಂದಿದೆ ಎಂಬುದೂ ನಮ್ಮ ಚರ್ಚಾಪಟುಗಳ ಕಿವಿಗೆ ಬಿದ್ದಂತಿಲ್ಲ.

ನಮ್ಮಲ್ಲಿ ಇದರ ಹಳೆಯ ಕಥೆ ಚಿಕ್ಕದು. 1971ರ ‘ಗರೀಬಿ ಹಟಾವೊ’ಗೆ ಎಷ್ಟು ಖರ್ಚೆಂದು ಯಾರೂ ಕೇಳಲಿಲ್ಲ. 1989ರಲ್ಲಿ ರಾಷ್ಟ್ರೀಯ ರಂಗ 10,000 ರೂಪಾಯಿವರೆಗಿನ ಕೃಷಿ ಸಾಲ ಮನ್ನಾ ಮಾಡುವುದಾಗಿ ಹೇಳಿತು; ಹೊರೆಯ ಲೆಕ್ಕ ಶುರುವಾದದ್ದು ಗೆದ್ದ ಮೇಲೆ.

ಈ ವಿದ್ಯೆಗೆ ಶಿಸ್ತು ತಂದುಕೊಟ್ಟದ್ದು ನೆದರ್ಲೆಂಡ್ಸ್. ಪಕ್ಷಗಳು ತಾವಾಗಿಯೇ ಒಪ್ಪಿಸುವ ಕಾರ್ಯಕ್ರಮಗಳನ್ನು ಅಲ್ಲಿನ ಆರ್ಥಿಕ ನೀತಿ ವಿಶ್ಲೇಷಣಾ ಸಂಸ್ಥೆ ಸಿಪಿಬಿ 1986ರಿಂದ ಒಂದೇ ಮಾನದಂಡದಲ್ಲಿ ಅಳೆದು, ಮತದಾನಕ್ಕೆ ಮುನ್ನವೇ ಪ್ರಕಟಿಸುತ್ತಿದೆ. ಆಸ್ಟ್ರೇಲಿಯಾದ ಸಂಸದೀಯ ಬಜೆಟ್ ಕಚೇರಿ 2012ರಲ್ಲಿ ಹುಟ್ಟಿತು. ಕೆನಡಾದಲ್ಲಿ ಅಂಥದ್ದೇ ಕಚೇರಿ 2019ರ ಚುನಾವಣೆಯಿಂದ ಈ ಕೆಲಸಕ್ಕಿಳಿಯಿತು.

ಇಲ್ಲಿ ಪ್ರಣಾಳಿಕೆಗಳ ಲೆಕ್ಕ ಹಾಕುವ ನಮ್ಮ ತಲೆಮಾರು ಬಜೆಟ್ ಓದುವುದನ್ನು ಕಲಿತದ್ದು ವಿತ್ತೀಯ ಹೊಣೆಗಾರಿಕೆ ಕಾಯ್ದೆಗಳು ಬಂದ ಕಾಲದಲ್ಲಿ. 2002ರಲ್ಲಿ ಅಂಥ ಕಾಯ್ದೆ ತಂದ ಮೊದಲ ರಾಜ್ಯ ಕರ್ನಾಟಕ; ಕೇಂದ್ರದ್ದು ಮರುವರ್ಷ. ಫಲಾನುಭವಿಗಳೆಷ್ಟು, ತಲೆಗೆಷ್ಟು, ಜಿಡಿಪಿಯಲ್ಲಿ ಪಾಲೆಷ್ಟು, ಯಾವ ಬಾಬ್ತಿನಿಂದ ಎಂಬ ನಾಲ್ಕು ಪ್ರಶ್ನೆ ನಮಗೆ ಆಗಲೇ ರೂಢಿಯಾದವು. ಸಂಭಾವನೆಯಿಲ್ಲದ, ಮೆಚ್ಚುಗೆಯೂ ಇಲ್ಲದ ಕೆಲಸವದು.

2019ರ ಲೋಕಸಭಾ ಚುನಾವಣೆಯನ್ನೇ ನೋಡಿ. ಕಾಂಗ್ರೆಸ್ಸಿನ ಕನಿಷ್ಠ ಆದಾಯ ಯೋಜನೆ ‘ನ್ಯಾಯ್’ 5 ಕೋಟಿ ಕುಟುಂಬಗಳಿಗೆ ವರ್ಷಕ್ಕೆ 72,000 ರೂಪಾಯಿ ಕೊಡುತ್ತೇನೆಂದಿತು. ಗುಣಿಸಿದರೆ 3.6 ಲಕ್ಷ ಕೋಟಿ. ಎರಡನೇ ವರ್ಷದಿಂದ ಜಿಡಿಪಿಯ ಶೇ. 2ಕ್ಕಿಂತ ಕಡಿಮೆ ಎಂದು ಪ್ರಣಾಳಿಕೆಯೇ ಹೇಳಿತ್ತು. ಹಣದ ಮೂಲದ ಮಾತು ಮಾತ್ರ ಮಬ್ಬುಮಬ್ಬು. ಅದೇ ಚುನಾವಣೆಯಲ್ಲಿ ಬಿಜೆಪಿ 2024ರೊಳಗೆ ಮೂಲಸೌಕರ್ಯಕ್ಕೆ 100 ಲಕ್ಷ ಕೋಟಿ, ಕೃಷಿ ಮತ್ತು ಗ್ರಾಮೀಣ ವಲಯಕ್ಕೆ 25 ಲಕ್ಷ ಕೋಟಿ ಎಂದಿತು. ಅದರಲ್ಲಿ ಬೊಕ್ಕಸದ್ದೆಷ್ಟು, ಖಾಸಗಿಯವರದ್ದೆಷ್ಟು, ಮೊದಲೇ ಮಂಜೂರಾದದ್ದೆಷ್ಟು? ಮೊದಲನೆಯದಕ್ಕೆ ಕ್ಯಾಲ್ಕುಲೇಟರ್ ಹಿಡಿದ ಕೈಗಳು ಎರಡನೆಯದಕ್ಕೆ ಮೇಲೇಳಲಿಲ್ಲ. ಬಡವರ ಕೈಗೆ ಹೋದರೆ ದುಂದು, ಗುತ್ತಿಗೆದಾರರ ಕೈಗೆ ಹೋದರೆ ಅಭಿವೃದ್ಧಿ ಎಂದು ನಂಬಿದವರಿಗೆ ಅದರ ಅಗತ್ಯವೂ ಕಾಣದು.

ಪಕ್ಷಗಳಿಂದ ಲೆಕ್ಕ ಕೇಳುವ ಯತ್ನ ಆಗಿಲ್ಲವೆಂದಲ್ಲ. ಚುನಾವಣಾ ಉಚಿತ ಕೊಡುಗೆಗಳನ್ನು ಪ್ರಶ್ನಿಸಿದ್ದ ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಪ್ರಣಾಳಿಕೆಗಳಿಗೆ ಮಾರ್ಗಸೂಚಿ ರಚಿಸಲು ಚುನಾವಣಾ ಆಯೋಗಕ್ಕೆ ಹೇಳಿತು. ಭರವಸೆಗೆ ಹಣ ಹೇಗೆ ಹೊಂದಿಸುತ್ತೀರೆಂದು ಸ್ಥೂಲವಾಗಿ ತಿಳಿಸಿ ಎಂದು ಚುನಾವಣಾ ಆಯೋಗ ಪಕ್ಷಗಳಿಗೆ ಸೂಚಿಸಿತು. 2022ರ ಅಕ್ಟೋಬರಿನಲ್ಲಿ ವೆಚ್ಚ ಮತ್ತು ಸಂಪನ್ಮೂಲದ ವಿವರಕ್ಕೊಂದು ನಮೂನೆಯನ್ನೂ ಮುಂದಿಟ್ಟಿತು. 2024ರ ಚುನಾವಣೆ ಆ ನಮೂನೆಯಿಲ್ಲದೆಯೇ ನಡೆದುಹೋಯಿತು.

ಮತಗಟ್ಟೆ ನೋಡಿಕೊಳ್ಳುವ ಆಯೋಗಕ್ಕೆ ಅರ್ಥಶಾಸ್ತ್ರದ ಕೆಲಸ ಹೇರುವುದೂ ತರವಲ್ಲ. ಸರ್ಕಾರದ ಹಣಕಾಸು ಪರಿಶೀಲಿಸುವ ಸ್ವತಂತ್ರ ವಿತ್ತೀಯ ಮಂಡಳಿ ಬೇಕೆಂದು, ಕೇಂದ್ರದ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ಪರಾಮರ್ಶಿಸಿದ ಎನ್.ಕೆ. ಸಿಂಗ್ ಸಮಿತಿ 2017ರಲ್ಲೇ ಹೇಳಿದೆ. 15ನೇ ಹಣಕಾಸು ಆಯೋಗವೂ ಹೇಳಿದೆ. ಮಂಡಳಿ ಮಾತ್ರ ಇನ್ನೂ ಬಂದಿಲ್ಲ. ಅಧಿಕಾರದಲ್ಲಿದ್ದವರಿಗೆ ಅದರ ಅವಸರವಿಲ್ಲ, ವಿರೋಧ ಪಕ್ಷಗಳೂ ಅದಕ್ಕಾಗಿ ಪಟ್ಟು ಹಿಡಿದಿಲ್ಲ. ಎದುರಾಳಿಯ ಭರವಸೆಯನ್ನು ಬಿಟ್ಟಿಯೆಂದು ಹಳಿಯುವ ಪಕ್ಷ ಮೊದಲು ತನ್ನ ಪ್ರಣಾಳಿಕೆಯ ಲೆಕ್ಕವನ್ನು ಇಂಥದ್ದೊಂದು ಮಂಡಳಿಗೆ ಒಪ್ಪಿಸಲು ತಯಾರಿದೆಯೇ ಎಂದು ಮತದಾರರು ಕೇಳಬೇಕು.