ಅಮೃತ ಮಹಲ್: ಒಂದು ಸಾಗಾಟ ಇಲಾಖೆಯ ಏಳುಬೀಳು

ಕೆ.ಆರ್. ಪುರದಿಂದ ಹಲಸೂರಿನತ್ತ ಬರುವ ಹಳೇ ಮದ್ರಾಸ್ ರಸ್ತೆಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಾಗಲೆಲ್ಲ ನಾವು ಲಾರಿಯವರನ್ನು ಶಪಿಸುತ್ತೇವೆ. ಲಾರಿಯೂ ರೈಲೂ ಇಲ್ಲದ ಕಾಲದಲ್ಲಿ ಒಂದು ರಾಜ್ಯದ ಭಾರ ಎಳೆದವರು ಯಾರೆಂದು ಕೇಳಿಕೊಳ್ಳುವುದಿಲ್ಲ. ಮೈಸೂರಿನಲ್ಲಿ ಆ ಕೆಲಸಕ್ಕೆ ಸರ್ಕಾರದ್ದೇ ಒಂದು ಇಲಾಖೆಯಿತ್ತು. ಅದೇ ಅಮೃತ ಮಹಲ್.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದರ ಹೆಸರು ಬೆಣ್ಣೆ ಚಾವಡಿ. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಅದರ ಕೆಲಸ. ಹೈದರಾಲಿಯವರು ಇದರ ಎತ್ತುಗಳನ್ನು ಫಿರಂಗಿಗಳಿಗೂ ಸೈನ್ಯದ ಸಾಮಾನಿಗೂ ಹೂಡಿದರು. ಈ ಎತ್ತುಗಳ ಬಲದಿಂದಲೇ ಅವರು ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿ ಚಿದಂಬರಂ ತಲುಪಿದರೆಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. ಟಿಪ್ಪು ಸುಲ್ತಾನರು ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟು, ಅದರ ಆಡಳಿತಕ್ಕೆ ಹುಕುಂನಾಮೆ ಹೊರಡಿಸಿದರು.

ಇಲಾಖೆಯ ನಿಜವಾದ ಬಂಡವಾಳ ಎತ್ತುಗಳಲ್ಲ, ಕಾವಲುಗಳು. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಹುಲ್ಲುಗಾವಲುಗಳಿದ್ದವು. ತಳಿ ಕಾಯ್ದದ್ದು ಆ ನೆಲ ಮತ್ತು ಅದನ್ನು ಬಲ್ಲ ದನಗಾಹಿಗಳು.

1799ರ ನಂತರ ಇದು ಬ್ರಿಟಿಷರ ಪಾಲಾಯಿತು. 1809ರಲ್ಲಿ ಅವರ ಸೈನ್ಯ ಶ್ರೀರಂಗಪಟ್ಟಣ ಬಿಟ್ಟು ಹಲಸೂರಿನ ಬಳಿ ದಂಡು ಕಟ್ಟಿತು. 1813ರಲ್ಲಿ ಇಲಾಖೆಯನ್ನು ಕ್ಯಾಪ್ಟನ್ ಹಾರ್ವಿಗೆ ಒಪ್ಪಿಸಲಾಯಿತು; ಸೊರಗಿದ್ದ ಹಿಂಡುಗಳು ಚೇತರಿಸಿಕೊಂಡವು. ಆದರೆ 1860ರಲ್ಲಿ ಮದ್ರಾಸ್ ಸರ್ಕಾರಕ್ಕೆ ಇದೆಲ್ಲ ದುಂದುವೆಚ್ಚವಾಗಿ ಕಂಡಿತು. ತಲೆಮಾರುಗಳ ದುಡಿಮೆಯಿಂದ ಬೆಳೆದ ಹಿಂಡುಗಳನ್ನು ಮಾರಿಬಿಟ್ಟರು.

1864ರ ಆಗಸ್ಟ್ 1ರಂದು ಜೋಲಾರಪೇಟೆಯಿಂದ ದಂಡಿನ ನಿಲ್ದಾಣಕ್ಕೆ ರೈಲು ಬಂತು. ಎತ್ತುಗಳ ಕಾಲ ಮುಗಿಯಿತೆಂದು ಯಾರಿಗಾದರೂ ಅನಿಸಬೇಕು. ಆದರೆ ರೈಲು ಹಳಿಯಿದ್ದಲ್ಲಿಗಷ್ಟೇ ಹೋಗುತ್ತದೆ, ಸೈನ್ಯ ಹಾಗಲ್ಲ. ಒಳ್ಳೆಯ ಎತ್ತುಗಳು ಸಿಗದಾದಾಗ ತಪ್ಪಿನ ಅರಿವಾಯಿತು. 1866ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಲು ಆದೇಶ ಹೊರಟಿತು. ಮಾರಿದ್ದನ್ನೇ ಹುಡುಕಿ ಕೂಡಿಸುವ ಪಾಡು! 1882ರಲ್ಲಿ ಅದು ಮೈಸೂರು ಸರ್ಕಾರದ ಕೈಸೇರಿತು.

ಲಾರಿ ಬಂದ ಮೇಲೆ ಎತ್ತುಗಳ ಈ ಕೆಲಸ ತಪ್ಪಿದ್ದು ಸಹಜ. ಅದಕ್ಕೆ ನಾವು ಮರುಗಬೇಕಿಲ್ಲ. ಆದರೆ ಕಾವಲುಗಳೂ ಕರಗುತ್ತಾ ಬಂದವು. ಚಳ್ಳಕೆರೆಯ ಕಾವಲು ಭೂಮಿಯನ್ನು ಈ ಶತಮಾನದಲ್ಲಿ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಲಾಯಿತು. ಅಲ್ಲಿ ಕುರಿ, ದನ ಮೇಯಿಸಿ ಬದುಕುತ್ತಿದ್ದವರು ನ್ಯಾಯಮಂಡಳಿಯ ಮೆಟ್ಟಿಲೇರಬೇಕಾಯಿತು. ಅಜ್ಜಂಪುರದ ಸರ್ಕಾರಿ ಕೇಂದ್ರ ತಳಿಯನ್ನು ಉಳಿಸಿಕೊಂಡಿದೆ. ಆದರೆ ಮೇಯುವ ನೆಲವಿಲ್ಲದ ತಳಿ ಎಷ್ಟು ದಿನ ಬಾಳೀತು?

ಖರ್ಚಿನ ಪುಸ್ತಕವನ್ನಷ್ಟೇ ನೋಡಿದ 1860ರ ಅಧಿಕಾರಿಗಳಿಗೆ ಆರು ವರ್ಷಗಳಲ್ಲಿ ತಪ್ಪು ತಿಳಿಯಿತು. ಹಿಂಡನ್ನು ಅವರು ಮತ್ತೆ ಕೂಡಿಸಿದರು. ನೆಲ ಕಳೆದುಕೊಂಡವರು ನೆಲವನ್ನು ಎಲ್ಲಿಂದ ತರುವುದು?