ಮಹಜರು: ಸಾವಿನ ಮುಂದೆ ನೆರೆಯವರ ಸಾಕ್ಷಿ

ದಿನಪತ್ರಿಕೆಯ ಒಳಪುಟಗಳಲ್ಲಿ ಒಂದು ವಾಕ್ಯ ಹೆಚ್ಚುಕಡಿಮೆ ಪ್ರತಿದಿನ ಕಣ್ಣಿಗೆ ಬೀಳುತ್ತದೆ: ಪೊಲೀಸರು ಸ್ಥಳಕ್ಕೆ ಭೇಟಿ ನೀಡಿ ಮಹಜರು ನಡೆಸಿದರು, ಶವವನ್ನು ಮರಣೋತ್ತರ ಪರೀಕ್ಷೆಗೆ ಕಳುಹಿಸಿದರು. ಬಾವಿಯಲ್ಲಿ ಸಿಕ್ಕವರು, ನೇಣಿನಲ್ಲಿ ಕಂಡವರು, ರೈಲು ಹಳಿಯ ಪಕ್ಕ ದೊರೆತ ಅಪರಿಚಿತರು, ಯಾರ ಸುದ್ದಿಯಾದರೂ ಈ ವಾಕ್ಯ ಇದ್ದೇ ಇರುತ್ತದೆ. ಓದುಗರು ಅದನ್ನು ದಾಟಿ ಮುಂದೆ ಹೋಗುತ್ತಾರೆ. ಆದರೆ ಆ ಒಂದು ಪದದ ಹಿಂದೆ ಪೊಲೀಸರನ್ನು ಎಷ್ಟು ನಂಬಬೇಕು, ಎಲ್ಲಿ ನಂಬಬಾರದು ಎಂಬ ಬಹು ಹಳೆಯ ಪ್ರಶ್ನೆಯೊಂದು ಅಡಗಿದೆ.

ಪದದಿಂದಲೇ ಆರಂಭಿಸೋಣ. ಮಹಜರು ಅರಬ್ಬೀ ಮೂಲದ್ದು. ನಾವು ದಿನವೂ ಬಳಸುವ ‘ಹಾಜರು’ ಹುಟ್ಟಿದ ಧಾತುವಿನಿಂದಲೇ ಇದೂ ಹುಟ್ಟಿದೆ. ನಾಲ್ಕು ಜನ ಹಾಜರಿದ್ದು ಒಪ್ಪಿ ಸಹಿ ಹಾಕಿದ ಪತ್ರ ಎಂಬುದು ಅದರ ಆಶಯ. ಮರಾಠರ ಕಾಲದಲ್ಲಿ ಊರಿನ ಹಿರಿಯರು ಕೂಡಿ ವ್ಯಾಜ್ಯ ತೀರ್ಮಾನಿಸಿ ಬರೆದುಕೊಡುತ್ತಿದ್ದ ನಿರ್ಣಯಪತ್ರಕ್ಕೂ ಇದೇ ಹೆಸರಿತ್ತು. ಉತ್ತರ ಕರ್ನಾಟಕದಲ್ಲಿ ಹೆಚ್ಚು ಕೇಳಿಬರುವ ‘ಪಂಚನಾಮೆ’ಯದೂ ಇಂಥದೇ ಕಥೆ. ಪಂಚ ಸಂಸ್ಕೃತ, ನಾಮೆ ಪಾರಸಿ. ಅರ್ಥ ಮಾತ್ರ ಪಂಚರು ಸಾಕ್ಷಿಯಾದ ಪತ್ರ. ಎರಡೂ ಪದಗಳ ಕೇಂದ್ರದಲ್ಲಿರುವುದು ಪೊಲೀಸರಲ್ಲ, ನೆರೆಹೊರೆಯವರು.

ಮೈಸೂರಿನಲ್ಲಿ ಸಿಕ್ಕ ಪುಸ್ತಕ

ಅನುಮಾನಾಸ್ಪದ ಸಾವನ್ನು ಪರೀಕ್ಷಿಸುವ ಕ್ರಮ ಬ್ರಿಟಿಷರ ಜೊತೆ ಹಡಗಿನಲ್ಲಿ ಬಂದದ್ದೆಂದು ಭಾವಿಸುವುದುಂಟು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅದರ ನಾಲ್ಕನೆಯ ಅಧಿಕರಣದಲ್ಲಿ ‘ಆಶುಮೃತಕ ಪರೀಕ್ಷೆ’ ಎಂಬ ಅಧ್ಯಾಯವೇ ಇದೆ. ಆಶುಮೃತಕನೆಂದರೆ ಹಠಾತ್ತನೆ ಸತ್ತವನು. ಶವಕ್ಕೆ ಎಣ್ಣೆ ಲೇಪಿಸಿ ಪರೀಕ್ಷಿಸಬೇಕು. ಉಸಿರುಕಟ್ಟಿ ಸತ್ತವನ, ನೀರಿನಲ್ಲಿ ಮುಳುಗಿದವನ, ವಿಷಪ್ರಾಶನವಾದವನ ದೇಹದ ಮೇಲಿನ ಗುರುತುಗಳು ಬೇರೆಬೇರೆ ಎಂದು ಅಲ್ಲಿ ವಿವರಿಸಲಾಗಿದೆ. ಕೊಂದು ಅನಂತರ ನೇಣಿಗೆ ಹಾಕಿರಬಹುದೇ ಎಂಬುದನ್ನೂ ನೋಡಬೇಕಂತೆ. ಇಂದಿನ ತನಿಖಾಧಿಕಾರಿ ಮೊದಲು ಕೇಳಿಕೊಳ್ಳುವ ಪ್ರಶ್ನೆಯೂ ಇದೇ.

ಮುಂದಿನ ಅಧ್ಯಾಯ ವಿಚಾರಣೆಯನ್ನು ಕುರಿತದ್ದು. ಕೌಟಿಲ್ಯ ಚಿತ್ರಹಿಂಸೆಯನ್ನು ನಿಷೇಧಿಸಿದವನಲ್ಲ; ಅದರ ಬಗೆಗಳನ್ನೇ ಪಟ್ಟಿ ಮಾಡಿದವನು. ಆದರೂ ಅದರ ಅಪಾಯ ಅವನಿಗೆ ಗೊತ್ತಿತ್ತು. ಹಿಂಸೆಯ ಭಯಕ್ಕೆ ಕಳ್ಳನಲ್ಲದವನೂ ತಾನೇ ಕಳ್ಳನೆಂದು ಹೇಳಿಬಿಡುತ್ತಾನೆ ಎಂಬುದಕ್ಕೆ ಅವನು ಆಣಿಮಾಂಡವ್ಯನ ನಿದರ್ಶನ ಕೊಡುತ್ತಾನೆ. ಆದ್ದರಿಂದ ಪೂರ್ಣ ಸಾಕ್ಷ್ಯ ಸಿಗದೆ ಶಿಕ್ಷಿಸಬಾರದೆಂಬುದು ಅವನ ಎಚ್ಚರಿಕೆ. ಬಾಯಿ ಬಿಡಿಸಿದ ಮಾತು ಮತ್ತು ಕಣ್ಣಿಗೆ ಕಂಡ ಗುರುತು, ಇವೆರಡರ ನಡುವಿನ ಜಗ್ಗಾಟವೇ ಅಪರಾಧ ತನಿಖೆಯ ಇತಿಹಾಸವೆಂದರೆ ಉತ್ಪ್ರೇಕ್ಷೆಯಾಗದು.

ಕಿಟ್ಟಿ ಮತ್ತು ತಹಶೀಲ್ದಾರ

ಕಂಪನಿ ಸರ್ಕಾರದ ಮದರಾಸು ಪ್ರಾಂತ್ಯದಲ್ಲಿ, 1816ರ ನಿಯಮಗಳ ಬಳಿಕ, ಕಂದಾಯ ವಸೂಲಿಯೂ ಪೊಲೀಸ್ ಕೆಲಸವೂ ಒಂದೇ ಕೈಯಲ್ಲಿದ್ದವು. ತಹಶೀಲ್ದಾರ ಬೆಳಿಗ್ಗೆ ತೆರಿಗೆ ಕೇಳುತ್ತಿದ್ದ, ಸಂಜೆ ಕಳ್ಳನನ್ನು ವಿಚಾರಿಸುತ್ತಿದ್ದ. ಎರಡಕ್ಕೂ ಬಳಸುತ್ತಿದ್ದ ಉಪಾಯ ಮಾತ್ರ ಒಂದೇ. ಒಂದು ತುದಿಯಲ್ಲಿ ಕಟ್ಟಿದ ಎರಡು ಕೋಲುಗಳ ನಡುವೆ ಕೈಯನ್ನಿಟ್ಟು ಅದುಮುವ ‘ಕಿಟ್ಟಿ’, ತಲೆಯನ್ನು ಕಾಲಿನತ್ತ ಬಗ್ಗಿಸಿ ಹಗ್ಗದಿಂದ ಬಿಗಿದು ಗಂಟೆಗಟ್ಟಲೆ ಬಿಸಿಲಿನಲ್ಲಿ ನಿಲ್ಲಿಸುವುದು, ಇವೆಲ್ಲ ಅಂದಿನ ಕಚೇರಿಗಳಲ್ಲಿ ಗುಟ್ಟಿನ ಸಂಗತಿಗಳಾಗಿರಲಿಲ್ಲ.

1854ರಲ್ಲಿ ಈ ವಿಷಯ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಪ್ರಸ್ತಾಪವಾಯಿತು. ತನಿಖೆಗೆ ಎಲಿಯಟ್, ಸ್ಟೋಕ್ಸ್ ಮತ್ತು ನಾರ್ಟನ್ ಎಂಬ ಮೂವರ ಆಯೋಗ ನೇಮಕಗೊಂಡಿತು. ಕನ್ನಡ ನಾಡಿನ ಬಳ್ಳಾರಿ ಮತ್ತು ಕೆನರಾ ಜಿಲ್ಲೆಗಳು ಆಗ ಮದರಾಸಿಗೇ ಸೇರಿದ್ದವು. ಜನ ದೂರದೂರದಿಂದ ನಡೆದುಬಂದು ಆಯೋಗದ ಮುಂದೆ ದೂರು ಹೇಳಿಕೊಂಡರು. 1855ರ ವರದಿ ಚಿತ್ರಹಿಂಸೆ ನಡೆಯುತ್ತಿರುವುದು ನಿಜವೆಂದು ಒಪ್ಪಿತು. ಆದರೆ ಬಿಳಿಯ ಅಧಿಕಾರಿಗಳನ್ನು ದೋಷಮುಕ್ತರನ್ನಾಗಿಸಿ, ಹೊಣೆಯನ್ನು ದೇಶೀ ನೌಕರರ ತಲೆಗೆ ಕಟ್ಟಿತು. ತೆರಿಗೆಯ ಹೊರೆ ಹೇರಿದವರು ಯಾರೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಏನಾದರೂ ಆ ವರದಿಯ ಫಲ ದೊಡ್ಡದು. 1859ರ ಮದರಾಸು ಪೊಲೀಸ್ ಕಾಯ್ದೆ ಕಂದಾಯವನ್ನೂ ಪೊಲೀಸನ್ನೂ ಬೇರೆ ಮಾಡಿತು. 1861ರಲ್ಲಿ ಪೊಲೀಸ್ ಕಾಯ್ದೆ ಬಂತು, ಅದೇ ವರ್ಷ ದಂಡ ಪ್ರಕ್ರಿಯಾ ಸಂಹಿತೆಯೂ ಬಂತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂಬ ನಿಯಮ ಅಲ್ಲಿ ಹುಟ್ಟಿ, 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮಾಯಿತು. ಆ ಅಧಿನಿಯಮ ರಚಿಸಿದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್, ಇಲ್ಲಿನ ಅಧಿಕಾರಿಯೊಬ್ಬ ತನಗೆ ಹೇಳಿದ ಮಾತನ್ನು ಮುಂದೆ ದಾಖಲಿಸಿದ. ಬಿಸಿಲಲ್ಲಿ ಅಲೆದು ಸಾಕ್ಷ್ಯ ಹುಡುಕುವುದಕ್ಕಿಂತ ನೆರಳಲ್ಲಿ ಕುಳಿತು ಬಡಪಾಯಿಯ ಕಣ್ಣಿಗೆ ಮೆಣಸಿನಪುಡಿ ತಿಕ್ಕುವುದೇ ಸುಲಭ ಎಂಬುದು ಆ ಮಾತಿನ ತಾತ್ಪರ್ಯ. ತನಿಖೆಯನ್ನು ನೆರಳಿನಿಂದ ಬಿಸಿಲಿಗೆ ಎಳೆಯುವುದೇ ಈ ನಿಯಮದ ಗುರಿಯಾಗಿತ್ತು.

ಆದರೆ ಒಂದು ಕಿಂಡಿ ಉಳಿಯಿತು. ಆರೋಪಿಯ ಮಾತಿನಿಂದ ಏನಾದರೂ ವಸ್ತು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ ಎಂದಿತು 27ನೇ ಕಲಮು. ಪೊದೆಯಲ್ಲಿ ಬಚ್ಚಿಟ್ಟ ಮಚ್ಚನ್ನು ಆರೋಪಿಯೇ ತೋರಿಸಿದ ಎಂಬ ಸಾಲು ಕೊಲೆ ಮೊಕದ್ದಮೆಗಳಲ್ಲಿ ಮತ್ತೆಮತ್ತೆ ಬರುವುದು ಇದೇ ಕಾರಣಕ್ಕೆ. ಈ ಕಿಂಡಿಯನ್ನು ಎಷ್ಟು ಕಿರಿದಾಗಿ ಓದಬೇಕೆಂದು 1946ರಲ್ಲಿ ಪ್ರಿವಿ ಕೌನ್ಸಿಲ್ ಪುಲುಕುರಿ ಕೋಟಯ್ಯ ಮೊಕದ್ದಮೆಯಲ್ಲಿ ಹೇಳಿತು. ಮಚ್ಚು ಎಲ್ಲಿತ್ತೆಂಬುದು ಆರೋಪಿಗೆ ಗೊತ್ತಿತ್ತು ಎಂಬಷ್ಟೇ ಅದರಿಂದ ಸಾಬೀತಾಗುತ್ತದೆ. ಅದರಿಂದ ಕೊಂದೆ ಎಂಬ ಮಾತು ಒಳಗೆ ಬರುವಂತಿಲ್ಲ.

ಶವದ ಮುಂದೆ ಬರೆಯುವ ಪುಟ

ಬಾಯಿಯ ಮಾತಿಗೆ ಬೆಲೆ ಕಡಿಮೆಯಾದಾಗ ಸ್ಥಳ ಮತ್ತು ಶವಕ್ಕೆ ಬೆಲೆ ಬಂತು. ಇಂಗ್ಲೆಂಡಿನಲ್ಲಿ 1194ರಿಂದಲೂ ಇದಕ್ಕೆ ಕಾರೊನರ್ ಎಂಬ ಪ್ರತ್ಯೇಕ ಅಧಿಕಾರಿ ಇದ್ದ. ಇಲ್ಲಿ ಆ ಪದ್ಧತಿ ಪ್ರಾಂತ್ಯಗಳ ರಾಜಧಾನಿ ನಗರಗಳನ್ನು ದಾಟಿ ಹಳ್ಳಿಗಾಡಿಗೆ ಹರಡಲಿಲ್ಲ. ಮುಂಬಯಿಯಲ್ಲಿ ಉಳಿದಿದ್ದದ್ದೂ 1999ರಲ್ಲಿ ರದ್ದಾಯಿತು. ಉಳಿದೆಡೆ ಆ ಹೊಣೆ ಠಾಣಾಧಿಕಾರಿಯದು. 1973ರ ಸಂಹಿತೆಯ 174ನೇ ಕಲಮು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮು, ಹೇಳುವುದು ಬಹುಪಾಲು ಒಂದೇ. ಆತ್ಮಹತ್ಯೆ, ಕೊಲೆ, ಪ್ರಾಣಿ ಅಥವಾ ಯಂತ್ರದಿಂದಾದ ಸಾವು, ಅಪಘಾತ, ಅನುಮಾನಾಸ್ಪದ ಸಾವು, ಇವುಗಳ ಸುದ್ದಿ ಬಂದೊಡನೆ ಠಾಣಾಧಿಕಾರಿ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಶವವಿರುವಲ್ಲಿಗೆ ಹೋಗಿ, ನೆರೆಯ ಇಬ್ಬರು ಅಥವಾ ಹೆಚ್ಚು ಗೌರವಸ್ಥರ ಎದುರಿನಲ್ಲಿ, ಗಾಯ, ಮೂಳೆಮುರಿತ, ತರಚು, ಕಲೆಗಳನ್ನು ವಿವರಿಸಿ, ಅವು ಯಾವ ಆಯುಧದಿಂದ ಆದಂತೆ ತೋರುತ್ತವೆ ಎಂದು ಬರೆಯಬೇಕು. ಆ ವರದಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ತಲುಪಬೇಕೆಂಬುದು ಹೊಸ ಸಂಹಿತೆ ಸೇರಿಸಿದ ಅಂಶ.

ಇದು ಅಪರಾಧಿ ಯಾರೆಂದು ತೀರ್ಮಾನಿಸುವ ಪತ್ರವಲ್ಲ. ಸಾವು ಹೇಗಾದಂತೆ ಕಾಣುತ್ತದೆ ಎಂಬಷ್ಟಕ್ಕೆ ಅದರ ವ್ಯಾಪ್ತಿ ಎಂದು ಸುಪ್ರೀಂ ಕೋರ್ಟೂ ಸ್ಪಷ್ಟಪಡಿಸಿದೆ. ಹಾಗೆಂದು ಅದನ್ನು ಹಗುರವಾಗಿ ಕಾಣುವಂತಿಲ್ಲ. ಅನುಮಾನದ ಸಾವು ಠಾಣೆಯಲ್ಲಿ ಮೊದಲು ‘ಅಸಹಜ ಸಾವು’ ಎಂದಷ್ಟೇ ದಾಖಲಾಗುತ್ತದೆ. ಅಲ್ಲಿ ಆರೋಪಿಯಿಲ್ಲ, ಕೊಲೆಯ ಕಲಮಿಲ್ಲ. ಕತ್ತಿನ ಸುತ್ತಲಿನ ಗುರುತು ಓರೆಯಾಗಿತ್ತೇ ನೇರವಾಗಿತ್ತೇ, ಬಳೆಗಳು ಒಡೆದಿದ್ದವೇ, ಬಾಗಿಲಿನ ಚಿಲಕ ಒಳಗಿನಿಂದ ಹಾಕಿತ್ತೇ ಎಂಬುದನ್ನು ಆ ದಿನ ಬರೆಯದಿದ್ದರೆ ಮತ್ತೆ ಬರೆಯಲಾಗದು. ಶವ ಸುಟ್ಟುಹೋಗುತ್ತದೆ, ಮನೆಯನ್ನು ತೊಳೆಯುತ್ತಾರೆ. ಕೊಲೆಯೊಂದು ಆತ್ಮಹತ್ಯೆಯಾಗಿ ಮುಚ್ಚಿಹೋಗುವುದೂ, ಆತ್ಮಹತ್ಯೆಗೆ ನಿರಪರಾಧಿಯೊಬ್ಬ ಜೈಲು ಸೇರುವುದೂ ಈ ಮೊದಲ ಪುಟದ ಲೋಪದಿಂದಲೇ ಆಗಬಹುದು.

ಇದರ ಕಹಿಯನ್ನು ಹೆಚ್ಚು ಉಂಡವರು ಹೆಣ್ಣುಮಕ್ಕಳು. ಅಡುಗೆಮನೆಯ ‘ಸ್ಟವ್ ಅಪಘಾತ’ಗಳ ವಿರುದ್ಧ ಮಹಿಳಾ ಸಂಘಟನೆಗಳು ಬೀದಿಗಿಳಿದ ಬಳಿಕ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಮದುವೆಯಾದ ಏಳು ವರ್ಷದೊಳಗೆ ಹೆಂಗಸು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಅನುಮಾನಾಸ್ಪದವಾಗಿ ಸತ್ತರೆ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯವಾಯಿತು. ನಮ್ಮ ತಾಲ್ಲೂಕುಗಳಲ್ಲಿ ಅಂಥ ಶವದ ಪಂಚನಾಮೆಗೆ ಬರುವವರು ಸಾಮಾನ್ಯವಾಗಿ ತಹಶೀಲ್ದಾರರು. ಹತ್ತೊಂಬತ್ತನೆಯ ಶತಮಾನದಲ್ಲಿ ಯಾರ ಕೈಯಿಂದ ಪೊಲೀಸ್ ಅಧಿಕಾರ ಕಿತ್ತುಕೊಳ್ಳಲಾಯಿತೋ ಅದೇ ಹುದ್ದೆ ಪೊಲೀಸರ ಮೇಲಿನ ಕಾವಲಾಗಿ ಮರಳಿ ಬಂದದ್ದು ಇತಿಹಾಸದ ಒಂದು ವಿನೋದ. ಪೊಲೀಸರ ವಶದಲ್ಲಿದ್ದವನೇ ಸತ್ತರೆ? 2005ರ ತಿದ್ದುಪಡಿಯ ಪ್ರಕಾರ ಅದರ ವಿಚಾರಣೆ ತಹಶೀಲ್ದಾರರದೂ ಅಲ್ಲ, ನ್ಯಾಯಾಂಗ ಮ್ಯಾಜಿಸ್ಟ್ರೇಟರದು.

ಬೆರಳು ಹೇಳಿದ್ದು, ಪಂಚ ಹೇಳದ್ದು

ವಿಜ್ಞಾನ ಈ ಹಾದಿಯಲ್ಲಿ ಬಹುಬೇಗ ಜೊತೆಯಾಯಿತು. ಬೆರಳಚ್ಚು ಕಚೇರಿ 1897ರಲ್ಲೇ ಕಲ್ಕತ್ತೆಯಲ್ಲಿ ತೆರೆಯಿತು. ಅಲ್ಲಿನ ವರ್ಗೀಕರಣಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್; ಅದಕ್ಕೆ ಅಂಟಿದ್ದು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು. ಜಲಪೈಗುರಿಯ ಚಹಾ ತೋಟದ ವ್ಯವಸ್ಥಾಪಕನ ಕೊಲೆಯಾದಾಗ ಪಂಚಾಂಗವೊಂದರ ಮೇಲಿದ್ದ ರಕ್ತದ ಹೆಬ್ಬೆರಳಿನ ಗುರುತು ಹಳೆಯ ನೌಕರನದೆಂದು ತಿಳಿಯಿತು. ನ್ಯಾಯಾಲಯ ಅವನಿಗೆ ಕಳವಿಗಾಗಿ ಶಿಕ್ಷೆ ವಿಧಿಸಿತೇ ಹೊರತು ಕೊಲೆಗಲ್ಲ. ಗುರುತು ಎಷ್ಟು ಹೇಳುತ್ತದೋ ಅಷ್ಟನ್ನೇ ನಂಬಿದ ಸಂಯಮ ಅದು.

ಆದರೆ ನೆರಳಿನ ಆಸೆ ಸುಲಭವಾಗಿ ಬಿಡುವುದಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರು ಮಂಪರು ಪರೀಕ್ಷೆಗೆ ದೇಶದಾದ್ಯಂತ ಹೆಸರಾಗಿತ್ತು. ಮೆಣಸಿನಪುಡಿಯ ಜಾಗಕ್ಕೆ ಸೂಜಿಮದ್ದು ಬಂತು, ಅಷ್ಟೆ. ಹುಡುಕಾಟ ಮತ್ತೆ ಬಾಯಿಯದೇ. 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಯಾರನ್ನೂ ಇಂಥ ಪರೀಕ್ಷೆಗೆ ಒಡ್ಡುವಂತಿಲ್ಲ ಎಂದಿತು. ಹೊಸ ಸಂಹಿತೆ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ಕೆಲಸವನ್ನು ವಿಡಿಯೊ ಮಾಡಬೇಕು ಎನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶವಿದೆ.

ಇಷ್ಟೆಲ್ಲ ಬಂದ ಮೇಲೆ ಪಂಚರೇಕೆ ಎಂದು ಕೇಳಬಹುದು. ಕ್ಯಾಮೆರಾ ತೋರಿಸಿದ್ದನ್ನು ಮಾತ್ರ ನೋಡುತ್ತದೆ. ಆ ಮನೆಯಲ್ಲಿ ಹಿಂದಿನ ರಾತ್ರಿ ಕೇಳಿದ ಕೂಗು ಪಕ್ಕದ ಮನೆಯವರಿಗಷ್ಟೇ ಗೊತ್ತು. ಆದರೆ ಪಂಚರ ಪದ್ಧತಿಗೂ ತುಕ್ಕು ಹಿಡಿದಿದೆ. ಕೋರ್ಟಿನ ಅಲೆದಾಟಕ್ಕೆ ಹೆದರಿ ನೆರೆಯವರು ಬಾಗಿಲು ಮುಚ್ಚುತ್ತಾರೆ. ಠಾಣೆಗೆ ಪರಿಚಿತರಾದ ಒಂದಿಬ್ಬರೇ ಹಲವು ಮಹಜರುಗಳಿಗೆ ಸಹಿ ಹಾಕುತ್ತಾರೆ. ವರ್ಷಗಳ ನಂತರ ಕಟಕಟೆಯಲ್ಲಿ ನಿಂತು, ಠಾಣೆಯಲ್ಲಿ ಖಾಲಿ ಹಾಳೆಗೆ ಸಹಿ ಹಾಕಿದೆ, ಏನೂ ನೋಡಿಲ್ಲ ಎನ್ನುತ್ತಾರೆ. ಮೊಕದ್ದಮೆ ಅಲ್ಲಿಗೇ ಕುಸಿಯುತ್ತದೆ.

ಕಾನೂನಿನಲ್ಲಿ ಎಲ್ಲರೂ ಗಮನಿಸದ ಒಂದು ಮಾತಿದೆ. ಶವದ ವರದಿಗೆ ಸಹಿ ಹಾಕಬೇಕಾದವರು ಅಲ್ಲಿದ್ದವರೆಲ್ಲ ಅಲ್ಲ, ಅದರಲ್ಲಿರುವುದನ್ನು ಒಪ್ಪುವವರು ಮಾತ್ರ. ಅಂದರೆ ಒಪ್ಪದಿರುವ ಹಕ್ಕನ್ನೂ ಕಾನೂನು ನೆರೆಯವರಿಗೆ ಕೊಟ್ಟಿದೆ. ಓದಿ, ಕಂಡದ್ದಕ್ಕಷ್ಟೇ ಸಹಿ ಹಾಕುವುದು, ಕಾಣದ್ದಕ್ಕೆ ಹಾಕದಿರುವುದು ಸತ್ತವರಿಗೂ ಆರೋಪಿಗೂ ಏಕಕಾಲಕ್ಕೆ ಸಲ್ಲುವ ನ್ಯಾಯ. ಮಹಜರು ಎಂದರೆ ಹಾಜರಿರುವುದು. ನಾವು ಹಾಜರಿಲ್ಲದ ಕಡೆ ಆ ಪುಟವನ್ನು ಬೇರೆ ಯಾರೋ ತುಂಬುತ್ತಾರೆ.